ಮನೆಯಂಗಳದ ಅನುಭಾವ: ಆಯ್ದಕ್ಕಿ ದಂಪತಿಗಳು



ಧರ್ಮವೆಂದೊಡನೆ ನಮ್ಮ ಮನಸ್ಸು ಗುಡಿ, ಯಾತ್ರೆ, ಜಾತ್ರೆಗಳತ್ತ ಹರಿಯುತ್ತದೆ. ಆದರೆ 12ನೆಯ ಶತಮಾನದ ಶರಣರ ಚರಿತ್ರೆಯಲ್ಲಿ ಧರ್ಮದ ಅತಿ ದೊಡ್ಡ ಪ್ರಶ್ನೆಯೊಂದು ಎದ್ದುದು ಬಡವರ ಮನೆಯ ಹೊಸ್ತಿಲಿನಲ್ಲಿ. ಎತ್ತಿದವಳು ಆ ಮನೆಯ ಗೃಹಿಣಿ.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು ಮಾರಯ್ಯ ಮತ್ತು ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮ ದಾಸೋಹ ನಡೆಸಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಇಬ್ಬರ ನಿತ್ಯನೇಮ. ಆ ಕಾಯಕವೇ ಅವರ ಹೆಸರಾಯಿತು.

ಇವರ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸುತ್ತದೆ. ಒಂದು ದಿನ ಮಾರಯ್ಯ ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಿದ್ದಾಗ ಲಕ್ಕಮ್ಮ ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸುತ್ತಾಳೆ. ಅವಸರದಿಂದ ಹೋದ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಆಕೆ ಹಿಗ್ಗುವುದಿಲ್ಲ. ಈ ಹೆಚ್ಚಳ ನಿಮ್ಮ ಮನದ್ದೋ, ಬಸವಣ್ಣನವರ ಅನುಮಾನದ್ದೋ ಎಂದು ಕೇಳುತ್ತಾಳೆ. ನಮಗೆ ಎಂದಿನಷ್ಟೇ ಸಾಕು, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿ ಎನ್ನುತ್ತಾಳೆ. ಮಾರಯ್ಯ ಮರುಮಾತಿಲ್ಲದೆ ಹಾಗೆಯೇ ಮಾಡುತ್ತಾನೆ.

ಈ ಕಥನ ಗ್ರಂಥರೂಪ ತಾಳಿದ್ದು ಶರಣರ ಕಾಲದ ಸುಮಾರು ಮೂರು ಶತಮಾನಗಳ ಅನಂತರ ಎಂಬುದನ್ನು ನಾವು ಮರೆಯಬಾರದು. ಸಂವಾದದ ಚೌಕಟ್ಟು ಸಂಪಾದನಕಾರರದು. ಆದರೆ ಅದರ ಹುರುಳಿಗೆ ಈ ದಂಪತಿಗಳ ವಚನಗಳೇ ಸಾಕ್ಷಿ. 1923ರಲ್ಲಿ ಡಾ. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದ ಮೇಲೆ ವಚನಗಳು ಜನಸಾಮಾನ್ಯರ ಕೈಸೇರತೊಡಗಿದವು, 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿತು. ಲಕ್ಕಮ್ಮನವರ ಸುಮಾರು 25 ವಚನಗಳು ಇಂದು ಲಭ್ಯವಿವೆ. ಆಸೆಯನ್ನು ಅವರು ಅರಮನೆಗೆ ಬಿಟ್ಟುಕೊಟ್ಟು, ಭಕ್ತನ ಮನೆಯಿಂದ ಹೊರಗಿರಿಸುತ್ತಾರೆ. ಮನಶ್ಶುದ್ಧಿಯುಳ್ಳವನಿಗೆ ಬಡತನವೆಂಬುದೇ ಇಲ್ಲವೆನ್ನುವುದು ಅವರ ನಿಲುವು. ಕಾಯಕದಲ್ಲಿ ತೊಡಗಿದವನು ಗುರುದರ್ಶನ, ಲಿಂಗಪೂಜೆಗಳನ್ನೂ ಮರೆಯಬೇಕೆನ್ನುವಷ್ಟು ದಿಟ್ಟತನ ಮಾರಯ್ಯನವರದು. ಪತ್ನಿಯ ಎಚ್ಚರಿಕೆ ಅವರ ವಚನದಲ್ಲಿ ತತ್ತ್ವವಾಗಿ ಹಣ್ಣಾಗಿದೆ ಎಂದು ತೋರುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮಾರಯ್ಯ ಕದ್ದು ತಂದವನಲ್ಲ. ನೆಲಕ್ಕೆ ಬಿದ್ದುದನ್ನು ಆಯ್ದವನು. ಲೋಕದ ಲೆಕ್ಕದಲ್ಲಿ ತಪ್ಪೇ ಇಲ್ಲ. ಆದರೂ ಲಕ್ಕಮ್ಮ ತಡೆದಳು. ನಾಳೆಗೆಂದು ಇಂದು ಕೂಡಿಟ್ಟ ಹಿಡಿ ಅಕ್ಕಿಯಲ್ಲಿ ನಾಳಿನ ಕಾಯಕದ ಮೇಲಿನ ಅವಿಶ್ವಾಸ ಅಡಗಿದೆ ಎಂಬುದನ್ನು ಆಕೆ ಕಂಡಳು. ಬಡತನ ಆಕೆಗೆ ಭಯವಾಗಲಿಲ್ಲ, ಸಂಗ್ರಹ ಭಯವಾಯಿತು.

ಇಷ್ಟು ಕಠಿಣವಾಗಿ ಪತಿಯನ್ನು ತಿದ್ದಿದ ಆ ತಾಯಿಯ ಅಂಕಿತವಾವುದು? ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಪತಿಯ ಅಂಕಿತವಾದ ಅಮರೇಶ್ವರಲಿಂಗವನ್ನು ಆತನ ಹೆಸರಿನೊಡನೆಯೇ ಕರೆದಳು. ಆಕೆಯ ನಿಷ್ಠುರದಲ್ಲಿ ತಿರಸ್ಕಾರವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ಮಾರಯ್ಯನ ಹಿರಿಮೆಯೂ ಕಡಿಮೆಯದಲ್ಲ. ಹೆಂಡತಿ ತನಗೆ ಬುದ್ಧಿ ಹೇಳಿದಳೆಂದು ಆತ ಕುಗ್ಗಲಿಲ್ಲ. ಬಂದ ದಾರಿಯಲ್ಲೇ ಮರಳಿ ನಡೆದನು. ಸತಿಪತಿಗಳು ಒಂದಾದ ಭಕ್ತಿಯೆಂದರೆ ಒಬ್ಬರು ಆಳುವುದು, ಇನ್ನೊಬ್ಬರು ತಲೆಬಾಗುವುದು ಅಲ್ಲ. ಇಬ್ಬರೂ ಸತ್ಯಕ್ಕೆ ತಲೆಬಾಗುವುದು.

ನಮ್ಮ ಮನೆಗಳಿಗೂ ಪ್ರತಿದಿನ ಸಂಜೆ ಯಾವುದೋ ಜೋಳಿಗೆ ಬರುತ್ತದೆ. ಅದರಲ್ಲಿ ಎಷ್ಟಿದೆಯೆಂದು ಕೇಳುವವರು ಬಹಳ. ಅದು ನಮಗೆ ಸಲ್ಲತಕ್ಕುದೇ ಎಂದು ಕೇಳುವವರು ವಿರಳ. ಹಾಗೆ ಕೇಳುವ ಒಬ್ಬರಾದರೂ ಮನೆಯಲ್ಲಿದ್ದು, ಆ ಪ್ರಶ್ನೆಗೆ ಸಿಟ್ಟಾಗದ ಇನ್ನೊಬ್ಬರು ಜೊತೆಗಿದ್ದರೆ ಅಂದಿನ ಊಟ ಪ್ರಸಾದವಾಗುತ್ತದೆ, ಅಂದಿನ ನಿದ್ರೆ ನೆಮ್ಮದಿಯದಾಗುತ್ತದೆ. ಇಂದು ರಾತ್ರಿ ಉಣ್ಣಲು ಕುಳಿತಾಗ ಲಕ್ಕಮ್ಮ ತಾಯಿಯ ಆ ಪ್ರಶ್ನೆಯನ್ನು ನಾವೂ ಒಮ್ಮೆ ಕೇಳಿಕೊಳ್ಳೋಣ.