ಮದವಿಳಿಸುವ ಮದ್ದು

ದಸರಾ ಆನೆಗಳನ್ನು ಆರಿಸುವಾಗ ಅರಣ್ಯ ಇಲಾಖೆಯವರು ಮೊದಲು ನೋಡುವ ಸಂಗತಿಗಳಲ್ಲಿ ಮದವೂ ಒಂದು. ಕಣ್ಣು ಕಿವಿಗಳ ನಡುವಿನ ಗ್ರಂಥಿ ಊದಿ ಕಪ್ಪುನೀರು ಸೋರತೊಡಗಿದರೆ, ಎಷ್ಟೇ ಪಳಗಿದ ಸಲಗವನ್ನೂ 750 ಕಿಲೋ ಅಂಬಾರಿಯ ಹತ್ತಿರ ತರುವಂತಿಲ್ಲ. ಆಗ ಅದರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹತ್ತಾರು ಪಟ್ಟು ಏರಿರುತ್ತದೆ. ಮಾವುತರು ಬಲ್ಲ ಉಪಾಯ ಹಳೆಯದು: ಸರಪಳಿ, ಕಡಿಮೆ ಮೇವು, ತಾಳ್ಮೆ. ಹಾರ್ಮೋನನ್ನೇ ಔಷಧಿಯಿಂದ ಇಳಿಸಿದರೆ? ಈ ಯೋಚನೆಯ ಬೇರು ಇರುವುದು ಆನೆಲಾಯದಲ್ಲಲ್ಲ, ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ.

ಬೀಜ ಒಡೆಸಿದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಕುಗ್ಗಿರುತ್ತದೆಂದು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1786ರಲ್ಲೇ ಬರೆದಿದ್ದ. ನಮ್ಮ ಎತ್ತು ಕಟ್ಟಿದ ರೈತರು ಹೊರಗಿನ ಬದಲಾವಣೆಯನ್ನು ಅದಕ್ಕೂ ಮುಂಚೆ ಬಲ್ಲರು. ಒಳಗಿನದನ್ನು ನೋಡಲು ಕತ್ತಿ ಬೇಕಿತ್ತು. ಕಾರಣವನ್ನು ಬಿಡಿಸಿದವನು ಶಿಕಾಗೋದ ಚಾರ್ಲ್ಸ್ ಹಗಿನ್ಸ್. 1939ರ ಸುಮಾರಿಗೆ ಆತ ನಾಯಿಯ ಪ್ರಾಸ್ಟೇಟ್ ಸ್ರವಿಸುವ ದ್ರವವನ್ನಷ್ಟೇ ಬೇರೆಯಾಗಿ ಹಿಡಿದು ಅಳೆಯುವ ದಾರಿ ಕಂಡುಕೊಂಡ. ನಾಯಿಯೇ ಏಕೆಂದರೆ, ಮುಪ್ಪಿನಲ್ಲಿ ಮನುಷ್ಯನಂತೆ ಅದಕ್ಕೂ ಆ ಗ್ರಂಥಿ ತಾನಾಗಿ ದಪ್ಪವಾಗುತ್ತದೆ. ಬೇರೆ ಪ್ರಾಣಿಗಳಲ್ಲಿ ಇದು ಅಪರೂಪ. ಗಂಡು ಹಾರ್ಮೋನು ಕೊಟ್ಟರೆ ದ್ರವ ಹರಿಯಿತು; 1938ರಲ್ಲಷ್ಟೇ ತಯಾರಾಗಿದ್ದ ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಹೆಣ್ಣು ಹಾರ್ಮೋನು ಕೊಟ್ಟರೆ ದ್ರವ ಬತ್ತಿ, ಗ್ರಂಥಿ ಮುದುಡಿತು. 1941ರಲ್ಲಿ ಇದೇ ತತ್ವ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳ ಮೂಳೆನೋವನ್ನು ಇಳಿಸಿತು. 1966ರಲ್ಲಿ ಹಗಿನ್ಸನಿಗೆ ನೊಬೆಲ್ ಬಂತು. ಆದರೆ ಆ ದಶಕದಲ್ಲೇ ಇನ್ನೊಂದು ಲೆಕ್ಕವೂ ಹೊರಬಿತ್ತು: ಹೆಚ್ಚು ಪ್ರಮಾಣದ ಸ್ಟಿಲ್ಬೆಸ್ಟ್ರಾಲ್ ತೆಗೆದುಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಹೆಚ್ಚಿತ್ತು. ನಾಯಿಗಳು ಅದನ್ನು ಹೇಳಿರಲಿಲ್ಲ.

1971ರಲ್ಲಿ ಮಿದುಳಿನಿಂದ ಹೊರಡುವ ಮೂಲ ಆಜ್ಞೆಯ ಹಾರ್ಮೋನಿನ ರಚನೆ ತಿಳಿಯಿತು. ಅದನ್ನು ಅನುಕರಿಸುವ ಔಷಧಿಗಳ ಸ್ವಭಾವ ವಿಚಿತ್ರ. ಆಜ್ಞೆ ಎಡೆಬಿಡದೆ ಬಂದಾಗ ಪಿಟ್ಯುಟರಿ ಗ್ರಂಥಿ ಮೊದಲು ಮೈದುಂಬಿ ಕೆಲಸ ಮಾಡುತ್ತದೆ, ಆಮೇಲೆ ಕಿವುಡಾಗುತ್ತದೆ. ಟೆಸ್ಟೋಸ್ಟೆರಾನ್ ಒಮ್ಮೆ ಏರಿ, ನಂತರ ನೆಲಕಚ್ಚುತ್ತದೆ. ಇಂಥದೊಂದು ಗುಳಿಗೆಯನ್ನು ನಾಯಿಯ ಚರ್ಮದಡಿ ಇಟ್ಟರೆ ಕೆಲವೇ ವಾರಗಳಲ್ಲಿ ಪ್ರಾಸ್ಟೇಟ್ ಕುಗ್ಗುತ್ತದೆ. ಅಮೆರಿಕದಲ್ಲಿ ಸಾಕಿದ ಏಷ್ಯಾದ ಆನೆಗಳಿಗೂ ಇದೇ ಜಾತಿಯ ಲ್ಯೂಪ್ರೊಲೈಡ್ ಕೊಟ್ಟು ಮದವನ್ನು ತಡೆಯಲು ನೋಡಿದ್ದಾರೆ.

ನನಗೆ ಇಲ್ಲಿ ಅಳುಕು. ಮುದಿನಾಯಿಯ ಊದಿದ ಗ್ರಂಥಿ ಕಾಯಿಲೆ. ಸಲಗದ ಮದ ಕಾಯಿಲೆಯಲ್ಲ, ಮೈಗೂಡಿದ ಪ್ರಾಯದ ಗುರುತು. ಮೆರವಣಿಗೆಯ ದಿನಾಂಕಕ್ಕಾಗಿ ಅದನ್ನು ಆರಿಸುವುದು ಚಿಕಿತ್ಸೆ ಹೇಗಾದೀತು? ಮೇಲಾಗಿ, ಔಷಧಿ ಹಾಕಿದ ಮೇಲೆ ಟೆಸ್ಟೋಸ್ಟೆರಾನ್ ಇಳಿಯುವ ಮೊದಲು ಏರುವ ಆ ದಿನಗಳಲ್ಲೂ ಆನೆಗೆ ನೀರು, ಸೊಪ್ಪು ಕೊಡಲು ಹೋಗುವವನು ಮಾವುತನೇ.