ಒಲೆಯ ಮುಂದಿನ ಓದು

ನಮ್ಮ ಅಡಿಗೆಮನೆಯ ಬೇಳೆಡಬ್ಬಿಯ ಮೇಲೆ ಎರಡು ತಿಂಗಳಿಂದ ಒಂದು ಕಾದಂಬರಿ ಕುಳಿತಿದೆ. ಗುರುತಿಗೆಂದು ಇಟ್ಟಿರುವ ಕೆಂಪು ಉಣ್ಣೆಯ ಎಳೆ ವಾರಕ್ಕೆ ನಾಲ್ಕೈದು ಪುಟ ಮುಂದೆ ಸರಿಯುತ್ತದೆ, ಅಷ್ಟೆ. "ಇನ್ನೂ ಮುಗಿಯಲಿಲ್ಲವೆ?" ಎಂದು ಮೊನ್ನೆ ಕೇಳಿದೆ. ತಂಗಿಯ ಮಗುವಿಗೆ ಕುಲಾವಿ ಹೆಣೆಯುತ್ತಿದ್ದ ನನ್ನಾಕೆ ತಲೆಯೆತ್ತದೆಯೇ ಹೇಳಿದಳು: "ಪುಸ್ತಕ ಎಲ್ಲಿಗೂ ಓಡಿಹೋಗೋಲ್ಲ. ಹಾಲು ಉಕ್ಕಿಹೋಗುತ್ತೆ, ನೋಡಿ."

ಹಾಲು ನಿಜವಾಗಿಯೂ ಉಕ್ಕುತ್ತಿತ್ತು. ಅದನ್ನು ಇಳಿಸಿ ಬಂದು ಕುಳಿತಾಗ ಆ ಮಾತು ಮನಸ್ಸಿನಲ್ಲಿ ಉಳಿಯಿತು. ನಾವು ಮೇಷ್ಟರುಗಳು ತರಗತಿಯಲ್ಲಿ ಕವಿಗಳ ಕಾಲವನ್ನು ನಿರ್ಣಯಿಸುತ್ತೇವೆ. ಓದುವವರಿಗೆ ಕಾಲವೆಲ್ಲಿ ಸಿಕ್ಕಿತೆಂದು ಕೇಳುವುದಿಲ್ಲ. ಕೇಳಿದ್ದರೆ ಸಾಹಿತ್ಯಚರಿತ್ರೆಗೆ ಇನ್ನೊಂದು ಅಧ್ಯಾಯ ಸೇರುತ್ತಿತ್ತು.

ಹಿಂದಿನವರಿಗೆ ಈ ತೊಡಕು ಇಷ್ಟೊಂದು ಇರಲಿಲ್ಲ. ಓದು ಆಗ ಕಿವಿಯ ಕೆಲಸ. ಒಬ್ಬರು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ರಾಗವಾಗಿ ವಾಚಿಸುವರು, ಉಳಿದವರು ಕೇಳುವರು. ಕೇಳುವ ಕೈ ಬತ್ತಿ ಹೊಸೆಯಬಹುದು, ಹೂ ಕಟ್ಟಬಹುದು, ಅಕ್ಕಿಯ ಕಲ್ಲು ಆರಿಸಬಹುದು. ಬತ್ತಿಯ ರಾಶಿ ಬೆಳೆಯುತ್ತಿದ್ದಂತೆ ಕಥೆಯೂ ಬೆಳೆಯುವುದು. ಅಚ್ಚಿನ ಪುಸ್ತಕ ಬಂದ ಮೇಲೆ ಓದು ಒಬ್ಬರದಾಯಿತು, ಮೌನದ್ದಾಯಿತು. ಅದು ಕಣ್ಣನ್ನು ಕೇಳಿತು, ಕೈಯನ್ನು ಕೇಳಿತು, ಎಲ್ಲಕ್ಕಿಂತ ಹೆಚ್ಚಾಗಿ ಬಿಡುವನ್ನು ಕೇಳಿತು. ಮನೆಯಾಕೆಯ ಹತ್ತಿರ ಇಲ್ಲದಿದ್ದುದು ಅದೊಂದೇ.

ಇಲ್ಲದ ಬಿಡುವನ್ನು ಹೇಗೆ ಸಂಪಾದಿಸಬೇಕಾಯಿತೆಂಬುದಕ್ಕೆ ಬಂಗಾಳದ ರಾಸಸುಂದರೀ ದೇವಿಗಿಂತ ದೊಡ್ಡ ಸಾಕ್ಷಿ ನನಗೆ ಕಾಣದು. 1809ರ ಸುಮಾರಿಗೆ ಹುಟ್ಟಿದ ಆಕೆಗೆ ಮದುವೆಯಾದಾಗ ವಯಸ್ಸು 12. ಮುಂದೆ 12 ಮಕ್ಕಳ ತಾಯಿಯಾದಳು. ದೊಡ್ಡ ಸಂಸಾರದ ಎರಡು ಹೊತ್ತಿನ ಅಡಿಗೆಯೂ ಆಕೆಯ ಹೆಗಲಿಗೆ ಬಿದ್ದಿತ್ತು. ಎಷ್ಟೋ ದಿನ ತನ್ನ ತುತ್ತಿಗೇ ಹೊತ್ತು ಸಿಗುತ್ತಿರಲಿಲ್ಲ. ಹೆಂಗಸು ಅಕ್ಷರ ಕಲಿತರೆ ಗಂಡನಿಗೆ ಕೇಡೆಂದು ಜನ ನಂಬಿದ್ದ ಕಾಲ ಅದು. ಆದರೂ ಚೈತನ್ಯ ಭಾಗವತವನ್ನು ತಾನೇ ಓದಬೇಕೆಂಬ ಹಂಬಲ ಆಕೆಯನ್ನು ಬಿಡಲಿಲ್ಲ. 25ರ ಆಸುಪಾಸಿನಲ್ಲಿ ಒಂದು ದಿನ, ಗಂಡನ ಪುಸ್ತಕದಿಂದ ಒಂದು ಹಾಳೆಯನ್ನು ಮೆಲ್ಲನೆ ತೆಗೆದು ಅಡಿಗೆಮನೆಯಲ್ಲಿ ಬಚ್ಚಿಟ್ಟಳು. ಮಗ ಬರೆದು ಕಲಿಯುತ್ತಿದ್ದ ತಾಳೆಯೋಲೆಯೊಂದನ್ನೂ ಅದರ ಜೊತೆಗೆ ಸೇರಿಸಿದಳು. ಎಳೆತನದಲ್ಲಿ ತವರಿನ ಶಾಲೆಯ ಮೂಲೆಯಲ್ಲಿ ಕುಳಿತು ಕೇಳಿದ ಅಕ್ಷರಗಳ ನೆನಪನ್ನು ಕೆದಕಿ, ಓಲೆಯ ಅಕ್ಷರವನ್ನು ಹಾಳೆಯ ಅಕ್ಷರಕ್ಕೆ ಹೋಲಿಸಿ, ಒಲೆಯ ಮುಂದೆ, ಸೆರಗಿನ ಮರೆಯಲ್ಲಿ ಕಲಿತಳು. ಕಲಿತವಳು ಓದಿ ಸುಮ್ಮನಾಗಲಿಲ್ಲ. 'ಅಮಾರ್ ಜೀಬನ್' ಎಂದು ತನ್ನ ಬಾಳಕಥೆಯನ್ನು ಬರೆದಳು. ಬಂಗಾಳಿಯ ಮೊದಲ ಆತ್ಮಕಥೆಯೆಂದು ವಿದ್ವಾಂಸರು ಗಣಿಸುವುದು ಕದ್ದ ಓದಿನ ಈ ಫಲವನ್ನೇ.

ಅದೇ ಬಂಗಾಳದಿಂದ ನಮ್ಮವರಿಗೂ ಓದಿನ ರುಚಿ ಬಂದಿತು. ಬಿ. ವೆಂಕಟಾಚಾರ್ಯರು (1845-1914) ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಮನೆಮನೆಯಲ್ಲಿ ಕಥೆಯ ಹುಚ್ಚು ಹಿಡಿಸಿದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869-1942) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅಂಗಡಿಗೆ ಹೋಗಲಾರದವರ ಹೊಸಿಲಿಗೇ ಪುಸ್ತಕ ಹೋಗಬೇಕೆಂಬುದನ್ನು ಅವರು ಬಲ್ಲರು.

ಹೊಸಿಲೊಳಗಿನ ಕಷ್ಟವನ್ನು ಬಲ್ಲವರು ನಂಜನಗೂಡಿನ ತಿರುಮಲಾಂಬ. 1887ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ವೈಧವ್ಯಕ್ಕೆ ತುತ್ತಾದ ಅವರಿಗೆ ತವರಿನಲ್ಲಿ ಪುಸ್ತಕವೇ ಒಡನಾಡಿಯಾಯಿತು. 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿ 'ಸುಶೀಲೆ' ಕಾದಂಬರಿಯನ್ನು ಪ್ರಕಟಿಸಿದರು. ಆ ಮಾಲೆಯ ಹೆಸರನ್ನು ವಾಚಕರು ಗಮನಿಸಬೇಕು. ಸತಿಯರಿಗೆ ಹಿತವನ್ನು ಬಯಸುವುದು! ಸಂತೋಷಕ್ಕಾಗಿ ಓದುತ್ತೇನೆಂದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವರು. ಹಿತಕ್ಕಾಗಿ ಎಂದರೆ ಸುಮ್ಮನಾಗುವರು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮನ ಕಾವ್ಯವೂ 'ಹದಿಬದೆಯ ಧರ್ಮ'ವೆಂಬ ಹೆಸರಿನಲ್ಲೇ ಬಂದಿತಲ್ಲವೆ? ಸೊಗಸನ್ನು ಧರ್ಮದ ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ತರಬೇಕಾಗಿತ್ತು. ಇದನ್ನು ಕಪಟವೆನ್ನಲು ನನಗೆ ಮನಸ್ಸಿಲ್ಲ. ಹಿತದಲ್ಲಿ ಅವರಿಗೆ ನಂಬಿಕೆಯಿದ್ದೇ ಇತ್ತು. ಆದರೆ ಸೊಗಸಿಗೆ ಬೇರೆ ಬಾಗಿಲೂ ಇರಲಿಲ್ಲ.

ಹೀಗೆ ಚೂರುಚೂರಾಗಿ ಕೂಡಿಟ್ಟ ಓದು ವ್ಯರ್ಥವಾಗುವುದಿಲ್ಲ. ಎಂ. ಕೆ. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ. ಶಾಲೆ ಬಿಟ್ಟು ಮದುವೆಯಾದದ್ದು 12ನೆಯ ವಯಸ್ಸಿಗೆ. ಮೊದಲ ಕಾದಂಬರಿ 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ. ನಡುವಿನ 34 ವರ್ಷಗಳಿಗೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಒಂದು ಸಾಲೂ ಇಲ್ಲ. 'ಫಣಿಯಮ್ಮ'ನನ್ನು ಓದಿದವರಿಗೆ ಮಾತ್ರ ಆ ವರ್ಷಗಳು ಬರಿದಾಗಿರಲಿಲ್ಲವೆಂದು ತಿಳಿಯುತ್ತದೆ.

ನಾನು ಎಂ.ಎ. ಪರೀಕ್ಷೆಗೆ ಓದುತ್ತಿದ್ದಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಕಾಫಿ ಮೇಜಿಗೆ ಬರುತ್ತಿತ್ತು. ಲೋಟ ಯಾವಾಗ ಹಿಂದಕ್ಕೆ ಹೋಯಿತೆಂಬುದೂ ನನಗೆ ಗೊತ್ತಾಗುತ್ತಿರಲಿಲ್ಲ. ಆ ಬಿಡುವು ಆಕಾಶದಿಂದ ಇಳಿದದ್ದಲ್ಲ. ತಾಯಿಯ ದಿನದಿಂದ ಕತ್ತರಿಸಿ ನನಗೆ ಕೊಟ್ಟದ್ದು. ಕತೆಯೆಂದರೆ ಪ್ರಾಣವಾಗಿದ್ದ ಆಕೆ ವಾರಪತ್ರಿಕೆಯ ಧಾರಾವಾಹಿಯನ್ನು ರಾತ್ರಿ ಪಾತ್ರೆಗಳನ್ನು ಬೋರಲು ಹಾಕಿದ ಮೇಲೆ, ನಿದ್ದೆಯೊಡನೆ ಜಗಳವಾಡುತ್ತ ಓದುತ್ತಿದ್ದಳು. ಎಷ್ಟು ಕಂತುಗಳನ್ನು ಕಳೆದುಕೊಂಡಳೋ, ನಾನು ಒಂದು ದಿನವೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಆಕೆಯಿಲ್ಲ.

ಕಳೆದ ಭಾನುವಾರ ಅಡಿಗೆಯನ್ನು ನಾನು ವಹಿಸಿಕೊಂಡೆ. ಸಾರಿಗೆ ಉಪ್ಪು ಎರಡು ಸಲ ಬಿತ್ತು, ಹಾಲೂ ಉಕ್ಕಿತು. ಹಜಾರದಿಂದ ಯಾರೂ ಎದ್ದು ಬರಲಿಲ್ಲ. ಮಧ್ಯಾಹ್ನ ನೋಡಿದರೆ ಕೆಂಪು ಎಳೆ ಮೂವತ್ತು ಪುಟ ಮುಂದೆ ಹೋಗಿತ್ತು.