ಸ್ವರ್ಣಕಮಲ ಯಾರಿಗೆ? ಊಹೆ, ಪ್ರಶಸ್ತಿ ಮತ್ತು ರಾಜಕಾರಣ



ಸಂವಾದ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಯಾದಗಿರಿ ಸಮೀಪದ ರಾಮಸಮುದ್ರಕ್ಕೆ ಹೋಗಿದ್ದೆವು. ನಮ್ಮವರು ಕ್ಯಾಮೆರಾ, ದೀಪ ಜೋಡಿಸುತ್ತಿದ್ದ ಬಿಡುವಿನಲ್ಲಿ ಅಲ್ಲಿ ನೆರೆದಿದ್ದ ಕಾಲೇಜು ವಿದ್ಯಾರ್ಥಿಗಳು ಒಂದು ಆಟ ಹೂಡಿದರು. ಮುಂದಿನ ರಾಷ್ಟ್ರಪ್ರಶಸ್ತಿ ಯಾವ ಚಿತ್ರಕ್ಕೆ, ಯಾವ ನಟನಿಗೆ ಎಂದು ಒಬ್ಬೊಬ್ಬರೂ ಚೀಟಿಯಲ್ಲಿ ಬರೆದು ಮಡಿಚಿಡುವುದು. ಗೆದ್ದವರಿಗೆ ಉಳಿದವರು ಚಹಾ ಕುಡಿಸುವುದು. ಗಲಾಟೆ ಜೋರಾಗಿಯೇ ನಡೆದಿತ್ತು. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಸರ್ಕಾರನೇ ಕೊಡೋ ಪ್ರಶಸ್ತಿ ಅಂದಮ್ಯಾಲ ಸರ್ಕಾರಕ್ಕ ಬೇಕಾದವ್ರಿಗೇ ಕೊಡ್ತಾರಲ್ರಿ ಸರ್? ಇದರಾಗ ಊಹಾ ಮಾಡೂದೇನದ?" ಎಂದಳು. ಎಲ್ಲರೂ ನಕ್ಕರು. ಚಿತ್ರೀಕರಣದ ವೇಳೆ ಮುಗಿದುಹೋದದ್ದರಿಂದ ಆ ಪ್ರಶ್ನೆಗೆ ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ಲೇಖನ ಆ ಸಾಲ ತೀರಿಸುವ ಪ್ರಯತ್ನ.

ನಾನು ಓದಿದ್ದು ವಿಜ್ಞಾನ. ಪ್ರಯೋಗಾಲಯದಲ್ಲಿ ನಮಗೆ ಕಲಿಸಿದ ಮೊದಲ ಪಾಠವೆಂದರೆ, ಯಾವುದೇ ಊಹೆಯನ್ನು ನಂಬುವ ಮೊದಲು ಪರೀಕ್ಷಿಸಬೇಕು ಎಂಬುದು. ಆ ಹುಡುಗಿಯ ಮಾತನ್ನೂ ಹಾಗೆಯೇ ಪರೀಕ್ಷಿಸೋಣ. ಅದಕ್ಕೆ ಬೇಕಾದ ಸಾಮಗ್ರಿ ಕನ್ನಡ ಚಿತ್ರರಂಗದ ಇತಿಹಾಸದಲ್ಲಿಯೇ ಇದೆ.

ಹಾಲಿವುಡ್‌ನಲ್ಲಿ ಊಹೆ ಏಕೆ ಫಲಿಸುತ್ತದೆ?

ಆಸ್ಕರ್ ಎಂದು ಹೆಸರಾದ ಅಕಾಡೆಮಿ ಪ್ರಶಸ್ತಿಗಳ ಮೊದಲ ಸಮಾರಂಭ ನಡೆದದ್ದು 1929ರ ಮೇ 16ರಂದು. ಅಂದು ಊಹೆಗೆ ಅವಕಾಶವೇ ಇರಲಿಲ್ಲ; ವಿಜೇತರ ಹೆಸರು ಮೂರು ತಿಂಗಳು ಮೊದಲೇ ಪ್ರಕಟವಾಗಿತ್ತು. ಮುಂದೆ ಪತ್ರಿಕೆಗಳಿಗೆ ಮುಂಚಿತವಾಗಿ ಪಟ್ಟಿ ಕೊಟ್ಟು, ರಾತ್ರಿಯವರೆಗೆ ಗುಟ್ಟಾಗಿಡಲು ಕೋರುವ ಪದ್ಧತಿ ಬಂದಿತು. 1940ರಲ್ಲಿ ಲಾಸ್ ಏಂಜಲೀಸ್‌ನ ಪತ್ರಿಕೆಯೊಂದು ಸಮಾರಂಭಕ್ಕೆ ಮೊದಲೇ ಹೆಸರುಗಳನ್ನು ಅಚ್ಚು ಹಾಕಿಬಿಟ್ಟಿತು. ಮರುವರ್ಷದಿಂದ ಮುದ್ರೆಯೊತ್ತಿದ ಲಕೋಟೆಗಳು ಬಂದವು. ಊಹೆಯ ಆಟ ನಿಜವಾಗಿ ಆರಂಭವಾದದ್ದು ಆ ಲಕೋಟೆಯಿಂದ.

ಅಲ್ಲಿನ ಊಹೆಗಳು ಬಹುಮಟ್ಟಿಗೆ ಸರಿಯಾಗುವುದಕ್ಕೆ ಸರಳವಾದ ಕಾರಣವಿದೆ. ಆಸ್ಕರ್‌ಗೆ ಮತ ಹಾಕುವವರು ಸಾವಿರಾರು ಮಂದಿ. ಅವರಲ್ಲಿ ಅನೇಕರು ನಿರ್ದೇಶಕರ, ನಟರ, ನಿರ್ಮಾಪಕರ ಸಂಘಗಳ ಸದಸ್ಯರೂ ಹೌದು. ಆ ಸಂಘಗಳು ತಮ್ಮ ಪ್ರಶಸ್ತಿಗಳನ್ನು ಕೆಲವು ವಾರ ಮೊದಲೇ ಪ್ರಕಟಿಸುತ್ತವೆ. ಅಮೆರಿಕದ ನಿರ್ದೇಶಕರ ಸಂಘದ ಪ್ರಶಸ್ತಿ ಪಡೆದವರಿಗೆ ಆಸ್ಕರ್ ತಪ್ಪಿದ್ದು ಬೆರಳೆಣಿಕೆಯಷ್ಟು ಸಲ ಮಾತ್ರ.

ನಮ್ಮ ರಾಷ್ಟ್ರಪ್ರಶಸ್ತಿಯ ರೀತಿ ಬೇರೆ. ಇಲ್ಲಿ ಅಂತಿಮ ತೀರ್ಮಾನ ಮಾಡುವವರು ಹತ್ತು ಹನ್ನೆರಡು ಮಂದಿಯ ಸಮಿತಿ. 2009ನೇ ಸಾಲಿನ ಚಿತ್ರಗಳಿಂದ ಪ್ರಾದೇಶಿಕ ಸಮಿತಿಗಳ ಮೊದಲ ಸುತ್ತೊಂದು ಸೇರಿಕೊಂಡಿದೆ. ಆದರೂ ಕೊನೆಯ ಮಾತು ಒಂದು ಕೊಠಡಿಯಲ್ಲಿ ಕುಳಿತ ಕೆಲವರದೇ.

ಇದನ್ನು ಲೆಕ್ಕದಲ್ಲಿ ನೋಡೋಣ. ಒಂದು ಚಿತ್ರವನ್ನು ಮೆಚ್ಚುವವರು ನೂರಕ್ಕೆ 52, ಇನ್ನೊಂದನ್ನು ಮೆಚ್ಚುವವರು 48 ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಮಂದಿ ಸ್ವತಂತ್ರವಾಗಿ ಮತ ಹಾಕಿದರೆ ಮೊದಲ ಚಿತ್ರ ಗೆಲ್ಲುವುದು ಹೆಚ್ಚುಕಡಿಮೆ ಖಚಿತ. ಹನ್ನೊಂದೇ ಮಂದಿ ಮತ ಹಾಕಿದರೆ ಅದು ಗೆಲ್ಲುವ ಸಂಭವ ನೂರಕ್ಕೆ ಸುಮಾರು 55 ಮಾತ್ರ. ನಾಣ್ಯ ಚಿಮ್ಮಿದಂತೆಯೇ ಸರಿ. ನೀವು ತರಗತಿಯಲ್ಲಿ ಓದುವ ಸಂಭಾವ್ಯತೆಯ ನಿಯಮ ಇಲ್ಲಿಯೂ ದುಡಿಯುತ್ತದೆ. ಕನ್ನಡಿಗರು ಡಾ. ರಾಜಕುಮಾರ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬರುತ್ತದೆಂದು ವರ್ಷವರ್ಷವೂ ಕಾದರು. ಬಂದದ್ದು 'ಜೀವನ ಚೈತ್ರ' ಚಿತ್ರದ ಹಾಡಿಗಾಗಿ, 1992ನೇ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ಪ್ರಶಸ್ತಿ! ಆ ಚೀಟಿಯನ್ನು ಎಷ್ಟು ಮಂದಿ ಬರೆದಿಟ್ಟಿದ್ದಾರು?

ಆರು ಸಲ ಗೆದ್ದ ಕನ್ನಡ

ಈಗ ಮುಖ್ಯ ಪ್ರಶ್ನೆಗೆ ಬರೋಣ. ರಾಷ್ಟ್ರಪ್ರಶಸ್ತಿಗಳು ಆರಂಭವಾದದ್ದು 1954ರಲ್ಲಿ. ಮೊದಲ ಸ್ವರ್ಣಪದಕ ಮರಾಠಿಯ 'ಶ್ಯಾಮಚಿ ಆಯಿ' ಚಿತ್ರಕ್ಕೆ ಸಂದಿತು. ವರ್ಷದ ಶ್ರೇಷ್ಠ ಚಿತ್ರವೆಂಬ ಈ ಗೌರವಕ್ಕೆ ಮುಂದೆ ಸ್ವರ್ಣಕಮಲವೆಂಬ ಹೆಸರು ಬಂದಿತು. ಇದನ್ನು ಪಡೆದ ಕನ್ನಡ ಚಿತ್ರಗಳು ಆರು: 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿ ಸಾಹೇಬ' (1997) ಮತ್ತು 'ದ್ವೀಪ' (2001). ಕೊನೆಯ ನಾಲ್ಕರ ನಿರ್ದೇಶಕರು ಒಬ್ಬರೇ, ಗಿರೀಶ್ ಕಾಸರವಳ್ಳಿ.

"ಸರ್ಕಾರಕ್ಕೆ ಬೇಕಾದವರಿಗೇ ಪ್ರಶಸ್ತಿ" ಎಂಬ ಊಹೆ ಸರಿಯಾಗಿದ್ದರೆ ಈ ಆರೂ ಚಿತ್ರಗಳು ಅಂದಂದಿನ ಸರ್ಕಾರವನ್ನು ಮೆಚ್ಚಿಸುವಂತಿರಬೇಕಿತ್ತು. ಆದರೆ 'ತಬರನ ಕಥೆ'ಯನ್ನು ನೋಡಿ. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಕಾಯಿಲೆ ಬಿದ್ದ ಹೆಂಡತಿಯ ಚಿಕಿತ್ಸೆಗಾಗಿ ತನಗೆ ಬರಬೇಕಾದ ಹಣವನ್ನು ಕೇಳುತ್ತ ಕಚೇರಿಯಿಂದ ಕಚೇರಿಗೆ ಅಲೆಯುವ ಜವಾನನ ಗೋಳು. ಸರ್ಕಾರಿ ಕಚೇರಿಯ ಕಲ್ಲುಹೃದಯವನ್ನು ಇಷ್ಟು ಕಟುವಾಗಿ ತೋರಿಸಿದ ಚಿತ್ರಕ್ಕೆ ಸರ್ಕಾರದ್ದೇ ಸ್ವರ್ಣಕಮಲ. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿದ 'ದ್ವೀಪ'ವಾದರೂ ಅಷ್ಟೆ: ಅಣೆಕಟ್ಟಿನ ನೀರಿಗೆ ಮನೆ, ಹೊಲ, ದೇವಸ್ಥಾನ ಬಿಟ್ಟುಕೊಡಬೇಕಾದವರ ಸಂಕಟ ಅದರ ವಸ್ತು. ಈ ಆರು ಪ್ರಶಸ್ತಿಗಳ ಕಾಲದಲ್ಲಿ ದೆಹಲಿಯಲ್ಲಿ ಒಂದೇ ಪಕ್ಷವೂ ಇರಲಿಲ್ಲ. ಹೀಗಾಗಿ ಮೊದಲ ಊಹೆ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ.

ಇನ್ನೊಂದು ಊಹೆ ಮಾಡಬಹುದು. ಈ ಆರೂ ಚಿತ್ರಗಳು ಕನ್ನಡದ ಕಥೆ, ಕಾದಂಬರಿಗಳಿಂದ ಹುಟ್ಟಿದವು. ಹಾಗಾದರೆ ಸಾಹಿತ್ಯಕೃತಿಯನ್ನು ಚಿತ್ರ ಮಾಡಿದರೆ ಸ್ವರ್ಣಕಮಲ ಖಂಡಿತವೇ? ಇಲ್ಲ. ಭೈರಪ್ಪನವರ 'ವಂಶವೃಕ್ಷ' ಚಿತ್ರವಾದಾಗ ನಿರ್ದೇಶಕರಾದ ಬಿ.ವಿ. ಕಾರಂತ ಮತ್ತು ಗಿರೀಶ್ ಕಾರ್ನಾಡರಿಗೆ 1971ನೇ ಸಾಲಿನ ನಿರ್ದೇಶನದ ಪ್ರಶಸ್ತಿ ಬಂದಿತು. ಸ್ವರ್ಣಪದಕ ಮಾತ್ರ ಬಂಗಾಳಿ ಚಿತ್ರವೊಂದಕ್ಕೆ ಹೋಯಿತು. ಗೆದ್ದವರನ್ನಷ್ಟೇ ಎಣಿಸಿ, ಸೋತವರನ್ನು ಬಿಟ್ಟು ನಿಯಮ ಕಟ್ಟುವುದು ವಿಜ್ಞಾನದಲ್ಲಿ ದೊಡ್ಡ ತಪ್ಪು.

ಬಾಗಿಲಲ್ಲಿ ನಿಂತ ರಾಜಕಾರಣ

ಹಾಗೆಂದ ಮಾತ್ರಕ್ಕೆ ಆ ಹುಡುಗಿಯ ಸಂಶಯ ಆಧಾರವಿಲ್ಲದ್ದೇ? ಹಾಗೂ ಹೇಳಲಾಗದು. ರಾಜಕಾರಣವಿದೆ, ಆದರೆ ನಾವು ಹುಡುಕುವ ಜಾಗದಲ್ಲಿಲ್ಲ. ಅದನ್ನು ತಿಳಿಯಲು 'ಸಂಸ್ಕಾರ'ದ ಕಥೆ ನೋಡಬೇಕು.

ಯು.ಆರ್. ಅನಂತಮೂರ್ತಿಯವರ ಈ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿ ಅದನ್ನು ಚಿತ್ರವಾಗಿಸಿದರು. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ನಟಿಸಿದರು. ಜಾತಿಯ ಕಟ್ಟಳೆಗಳನ್ನು ಪ್ರಶ್ನಿಸುವ ಈ ಚಿತ್ರ ಸಮಾಜದಲ್ಲಿ ಕ್ಷೋಭೆ ಉಂಟುಮಾಡೀತೆಂದು ಮದರಾಸಿನ ಸೆನ್ಸಾರ್ ಕಚೇರಿ ಪ್ರಮಾಣಪತ್ರ ನಿರಾಕರಿಸಿತು. ಅದೇ 1970ರಲ್ಲಿ ಕೆ.ಎ. ಅಬ್ಬಾಸ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಚಿತ್ರಗಳನ್ನು ಬಿಡುಗಡೆಗೆ ಮೊದಲು ಪರಿಶೀಲಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 'ಸಂಸ್ಕಾರ'ದ ಮೇಲಿನ ನಿಷೇಧವನ್ನು ತೆಗೆಯಿತು. ಚಿತ್ರ ತೆರೆ ಕಂಡಿತು. ಕನ್ನಡಕ್ಕೆ ಮೊದಲ ಸ್ವರ್ಣಪದಕ ತಂದಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರಶಸ್ತಿಯ ಸ್ಪರ್ಧೆಗೆ ಬರಬೇಕಾದರೆ ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ನಿಷೇಧ ಹಾಗೆಯೇ ಉಳಿದಿದ್ದರೆ ತೀರ್ಪುಗಾರರು 'ಸಂಸ್ಕಾರ'ವನ್ನು ತಿರಸ್ಕರಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಅದು ಅವರ ಮುಂದೆಯೇ ಇರುತ್ತಿರಲಿಲ್ಲ. ಒಂದೇ ಸಚಿವಾಲಯದ ಒಂದು ಕೈ ಬಾಗಿಲು ಮುಚ್ಚಿತ್ತು, ಇನ್ನೊಂದು ಕೈ ಹಾರ ಹಾಕಿತು.

ಹಾಲಿವುಡ್‌ನಲ್ಲಿಯೂ ಇದೇ ಬಾಗಿಲಿತ್ತು. 1947ರಲ್ಲಿ ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಸಂಸದೀಯ ಸಮಿತಿಯೊಂದು ಚಿತ್ರಕರ್ಮಿಗಳ ವಿಚಾರಣೆ ನಡೆಸಿತು. ಉತ್ತರಿಸಲು ಒಪ್ಪದ ಹತ್ತು ಮಂದಿ ಜೈಲಿಗೆ ಹೋದರು, ಕೆಲಸ ಕಳೆದುಕೊಂಡರು. ಅವರಲ್ಲಿ ಡಾಲ್ಟನ್ ಟ್ರಂಬೊ ಎಂಬ ಲೇಖಕರೊಬ್ಬರು. ಸುಳ್ಳು ಹೆಸರಿನಲ್ಲಿ ಬರೆದು ಹೊಟ್ಟೆ ಹೊರೆದರು. 1957ರಲ್ಲಿ ಕಥೆಗಾಗಿ ಆಸ್ಕರ್ ಪಡೆದ 'ರಾಬರ್ಟ್ ರಿಚ್' ಎಂಬಾತ ವೇದಿಕೆಗೆ ಬರಲಿಲ್ಲ, ಏಕೆಂದರೆ ಅಂಥ ಲೇಖಕನೇ ಇರಲಿಲ್ಲ. ಆತ ಟ್ರಂಬೊ! ಆ ಪ್ರಶಸ್ತಿ ಅವರ ಕೈ ಸೇರಿದ್ದು 1975ರಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ.

ತುರ್ತುಪರಿಸ್ಥಿತಿಯ ಆ ವರ್ಷ

1975 ನಮ್ಮಲ್ಲಿಯೂ ನೆನಪಿಡಬೇಕಾದ ವರ್ಷ. ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲಪಿಸುವ 'ಸೈಟ್' ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ 2,400 ಹಳ್ಳಿಗಳನ್ನು ಅದಕ್ಕೆ ಆಯ್ದುಕೊಂಡಿದ್ದರು. ಕರ್ನಾಟಕದ ಪಾಲು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳದು. ಇಂದಿನ ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೆ ಮೊದಲೇ ನಿಮ್ಮ ಸೀಮೆಯ ಹಿರಿಯರು ಅದನ್ನು ಕಂಡಿದ್ದರು.

ಅದೇ ಸಾಲಿನ ಸ್ವರ್ಣಕಮಲ 'ಚೋಮನ ದುಡಿ'ಗೆ. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ. ತುಂಡು ಭೂಮಿಯ ಆಸೆ ಹೊತ್ತ ದಲಿತನೊಬ್ಬನ ದುರಂತ. ಚೋಮನಾದ ಎಂ.ವಿ. ವಾಸುದೇವರಾಯರು ಶ್ರೇಷ್ಠ ನಟರಾದರು. ಆಗ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ನಡೆಯುತ್ತಿತ್ತು. ಜೀತ ನಿರ್ಮೂಲನೆಯ ಕಾನೂನೂ ಆಗಲೇ ಬಂದಿತು. ಆದ್ದರಿಂದ ಪ್ರಶಸ್ತಿ ಬಂತೆನ್ನಬಹುದೇ? ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ. ಚಿತ್ರದ ಶಕ್ತಿ ಅದರೊಳಗೇ ಇದೆ. ಆದರೆ ಅದೇ ಕಾಲದಲ್ಲಿ ಅಮೃತ್ ನಹಾತಾ ಅವರ 'ಕಿಸ್ಸಾ ಕುರ್ಸಿ ಕಾ' ಎಂಬ ರಾಜಕೀಯ ವಿಡಂಬನೆಯ ಪ್ರತಿಗಳನ್ನು ನಾಶಮಾಡಲಾಯಿತು. ಅವರು ಅದನ್ನು ಮತ್ತೆ ಚಿತ್ರೀಕರಿಸಿ ತೆರೆಗೆ ತಂದದ್ದು 1978ರಲ್ಲಿ. ಬಾಗಿಲ ಹೊರಗೆ ಉಳಿದ ಚಿತ್ರದ ಬಗ್ಗೆ ತೀರ್ಪುಗಾರರು ಏನು ಹೇಳಲು ಸಾಧ್ಯ?

ಇನ್ನು ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ. ಜಾರ್ಜ್ ಫರ್ನಾಂಡಿಸರ ಕುಟುಂಬದ ಆಪ್ತರಾಗಿದ್ದ ಅವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ವಿಚಾರಣೆಯಿಲ್ಲದೆ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು. ಅವರಿಗೆ ತೀವ್ರ ಉಬ್ಬಸವಿತ್ತು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದರು. ಐದೇ ದಿನಗಳಲ್ಲಿ, ಜನವರಿ 20ರಂದು ಕೊನೆಯುಸಿರೆಳೆದರು. ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಚಿತ್ರದ ನಾಯಕಿ ಆಕೆ. ಪದಕ ಆಕೆಯನ್ನು ಕಾಪಾಡಲಿಲ್ಲ.

ಚೀಟಿ ಬರೆಯುವ ಮುನ್ನ

ಪ್ರಶಸ್ತಿಗಳ ಆಟ ಬೇಡವೆಂದು ನಾನು ಹೇಳುವುದಿಲ್ಲ. 2014ನೇ ಸಾಲಿಗೆ 'ನಾನು ಅವನಲ್ಲ ಅವಳು' ಚಿತ್ರದ ಸಂಚಾರಿ ವಿಜಯ್, 2022ನೇ ಸಾಲಿಗೆ 'ಕಾಂತಾರ'ದ ರಿಷಬ್ ಶೆಟ್ಟಿ ಶ್ರೇಷ್ಠ ನಟರಾದಾಗ ನಾವೆಲ್ಲ ಸಂತೋಷಪಟ್ಟೆವು. ಊಹೆ ಸರಿಯಾದವರು ಚಹಾ ಕುಡಿಯಲಿ. ಆದರೆ ಚೀಟಿಯಲ್ಲಿ ಹೆಸರು ಬರೆಯುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಈ ಪಟ್ಟಿಗೆ ಬರಲಾಗದೆ ಹೋದವರು ಯಾರು? ಏಕೆ?

ರಾಮಸಮುದ್ರದ ಸೋದರಿಯೇ, ನಿನ್ನ ಊಹೆ ಪೂರ್ತಿ ಸರಿಯಲ್ಲ. ಆದರೆ ನಿನ್ನ ಪ್ರಶ್ನೆ ನಮ್ಮೆಲ್ಲರ ಚೀಟಿಗಳಿಗಿಂತ ದೊಡ್ಡದು. ಕೇಳುವುದನ್ನು ಬಿಡಬೇಡ.

ಚರ್ಚೆಗೆ:
1. ಹೆಚ್ಚು ಮತದಾರರ ತೀರ್ಪು, ಕೆಲವೇ ತಜ್ಞರ ತೀರ್ಪು: ಕಲೆಯ ವಿಷಯದಲ್ಲಿ ಯಾವುದು ಹೆಚ್ಚು ನ್ಯಾಯವಾದದ್ದು?
2. ಸರ್ಕಾರವನ್ನು ಟೀಕಿಸುವ ಚಿತ್ರಕ್ಕೆ ಸರ್ಕಾರವೇ ಪ್ರಶಸ್ತಿ ಕೊಡುವುದು ಏನನ್ನು ಸೂಚಿಸುತ್ತದೆ?
3. ನಿಮ್ಮ ಊರಿನ ಹಿರಿಯರು ಮೊದಲು ದೂರದರ್ಶನ ನೋಡಿದ್ದು ಯಾವಾಗ, ಎಲ್ಲಿ? ಕೇಳಿ ಬರೆದಿಡಿ. ಇತಿಹಾಸ ಆರಂಭವಾಗುವುದು ಹಾಗೆಯೇ.